ಹೆಸರಿನ ಪಕ್ಕದ ಅಂಕೆ

ಆನ್‌ಲೈನ್ ಪೋಕರ್ ಆಡುತ್ತಿದ್ದ ವರ್ಷಗಳಲ್ಲಿ ಎದುರಾಳಿಗಳ ಪೈಕಿ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ನನಗೆ ಗೊತ್ತಿದ್ದದ್ದು ಅವರ ಹೆಸರಿನ ಪಕ್ಕದ ಅಂಕೆಗಳು: 14/11, 26/20, 52/6. ಪೋಕರ್‌ಟ್ರ್ಯಾಕರ್ ಎಂಬ ತಂತ್ರಾಂಶ ನಾನು ಕೂತ ಟೇಬಲ್ಲಿನ ಆಟವನ್ನೆಲ್ಲ ಬರೆದಿಟ್ಟುಕೊಂಡು, ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತಿತ್ತು. ಮೊದಲನೆಯದು ವಿಪಿಐಪಿ: ನೂರು ಸಲ ಎಲೆ ಹಂಚಿದರೆ ಈತ ಎಷ್ಟು ಸಲ ತಾನಾಗಿಯೇ ದುಡ್ಡು ಹಾಕುತ್ತಾನೆ. ಎರಡನೆಯದು ಪಿಎಫ್‌ಆರ್: ಮೇಜಿನ ಮೇಲೆ ಎಲೆ ಬೀಳುವ ಮೊದಲೇ ಎಷ್ಟು ಸಲ ಪಣ ಏರಿಸುತ್ತಾನೆ.

52/6 ಎಂದರೆ ಬಂದ ಎಲೆಯನ್ನು ಬಿಡಲಾರದವನು, ಏರಿಸಲೂ ಧೈರ್ಯ ಸಾಲದವನು. ಕೊನೆಯ ಎಲೆ ನೋಡುವ ಆಸೆಗೇ ದುಡ್ಡು ಕಟ್ಟುತ್ತಾ ಹೋಗುತ್ತಾನೆ. ಅವನೆದುರು ಬ್ಲಫ್ ಮಾಡುವುದು ದಂಡ. 14/11 ಪಣ ಏರಿಸಿದನೆಂದರೆ ಸಾಧಾರಣ ಎಲೆ ಹಿಡಿದವರು ದಾರಿ ಬಿಡುವುದೇ ವಾಸಿ.

ಆದರೆ ಈ ಅಂಕೆಗಳಿಗೆ ವಯಸ್ಸಾಗಬೇಕು. ನಿಜದಲ್ಲಿ ನೂರಕ್ಕೆ 25 ಸಲ ಆಡುವವನು 30 ಹ್ಯಾಂಡ್‌ಗಳ ಲೆಕ್ಕದಲ್ಲಿ 10 ಎಂದೂ ಕಾಣಬಹುದು, 40 ಎಂದೂ ಕಾಣಬಹುದು. ಎಲ್ಲ ಎಲೆಯ ಮಹಿಮೆ. ವಿಪಿಐಪಿ ನೂರಿನ್ನೂರು ಹ್ಯಾಂಡ್‌ಗಳಲ್ಲಿ ಒಂದು ಹದಕ್ಕೆ ಬರುತ್ತದೆ. ಕೊನೆಯ ಸುತ್ತಿನಲ್ಲಿ ಎಷ್ಟು ಸಲ ಕೈಬಿಡುತ್ತಾನೆ ಎಂಬಂಥದ್ದಕ್ಕೆ ಸಾವಿರಾರು ಬೇಕು. ಅಪರೂಪದ ಸಂದರ್ಭದ ಅಂಕೆಯನ್ನು ಬೇಗ ನಂಬುವವನು ಜಾತಕ ನೋಡಿ ಆಡಿದ ಹಾಗೆ.

ಸಾಕಷ್ಟು ವಯಸ್ಸಾದ ಅಂಕೆಗೆ ಬೇರೆಯದೇ ತೊಂದರೆಯಿದೆ. 14/11 ಆಟಗಾರನೊಬ್ಬನ ಆರು ಸಾವಿರ ಹ್ಯಾಂಡ್‌ಗಳು ನನ್ನಲ್ಲಿದ್ದವು. ಬಿಗಿ ಕೈಯವನು. ಅವನ ಬಗ್ಗೆ ನನಗೆ ಗೌರವವೇ ಇತ್ತು. ಒಂದು ರಾತ್ರಿ ಅವನು ಸಿಕ್ಕಸಿಕ್ಕ ಎಲೆಗೆಲ್ಲ ದುಡ್ಡು ಹಾಕತೊಡಗಿದ. ಪರದೆ ಮಾತ್ರ ತಣ್ಣಗೆ 15/12 ಎನ್ನುತ್ತಿತ್ತು. ಆರು ಸಾವಿರದ ಮುಂದೆ ಒಂದು ರಾತ್ರಿಯ ಇನ್ನೂರು ಎಲ್ಲಿ ಲೆಕ್ಕಕ್ಕೆ? ಆ ದಿನದ್ದನ್ನಷ್ಟೇ ಸೋಸಿ ನೋಡಿದೆ: 47/30.

ಕುಡಿದಿದ್ದನೋ, ಮನೆಯಲ್ಲಿ ಏನಾಗಿತ್ತೋ, ಸೋತ ರೊಚ್ಚೋ. ಅದನ್ನು ತಿಳಿಸುವ ಕಾಲಂ ಯಾವ ತಂತ್ರಾಂಶದಲ್ಲೂ ಇಲ್ಲ. ಅವನ ಎಡಗಡೆಯ ಕುರ್ಚಿ ಖಾಲಿಯಾದ ಕೂಡಲೇ ಅಲ್ಲಿಗೆ ಹೋಗಿ ಕೂತೆ. ಎಡಕ್ಕೆ ಕೂತವನ ಸರದಿ ಆಮೇಲೆ ಬರುತ್ತದೆ, ಅವನು ಮಾಡಿದ್ದನ್ನು ನೋಡಿಕೊಂಡೇ ಆಡಬಹುದು. ಉಳಿದವರ ಪರದೆಯಲ್ಲಿ ಅವನಿನ್ನೂ ಹೆದರಬೇಕಾದ 14/11. ಅವನು ಏರಿಸಿದಾಗಲೆಲ್ಲ ಅವರು ಕೈಬಿಟ್ಟರು, ನಾನು ಬಿಡಲಿಲ್ಲ. ಬೆಳಗಿನ ಜಾವ ಎರಡರ ಹೊತ್ತಿಗೆ ಅವನ ಮುಂದಿದ್ದ ಚಿಪ್ಪುಗಳಲ್ಲಿ ಬಹುಪಾಲು ನನ್ನ ಮುಂದಿದ್ದವು.

ಇದನ್ನು ಕೇಳಿದ ಗೆಳೆಯನೊಬ್ಬ, 'ಅವನ ಸಂಕಟ ನೋಡಿ ಎದ್ದು ಬರಬೇಕಿತ್ತಲ್ಲವೇನೋ' ಎಂದ. ನನಗೆ ಹಾಗೆ ಅನ್ನಿಸಿದ್ದಿಲ್ಲ, ಈಗಲೂ ಅನ್ನಿಸುವುದಿಲ್ಲ. ನಾನೆದ್ದಿದ್ದರೆ ಆ ಕುರ್ಚಿಯಲ್ಲಿ ಇನ್ನೊಬ್ಬ ಕೂರುತ್ತಿದ್ದ. ಆದರೂ ಮುಖ ಕಾಣುವ ಮೇಜಾಗಿದ್ದರೆ 'ಯಾಕ್ರೀ, ಹುಷಾರಿಲ್ವಾ?' ಎಂದು ಕೇಳಿಬಿಡುತ್ತಿದ್ದೆನೇನೋ.

2025ರ ಆಗಸ್ಟಿನಲ್ಲಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು ಕಾನೂನು ಮಾಡಿತು; ನಾನು ಆಡುತ್ತಿದ್ದ ತಾಣವೂ ಬಾಗಿಲು ಹಾಕಿತು. ಲ್ಯಾಪ್‌ಟಾಪಿನಲ್ಲಿ ಆ ಸಾವಿರಾರು ಹೆಸರುಗಳು ಇನ್ನೂ ಇವೆ. ಆ ರಾತ್ರಿಯ ನಂತರದ ಒಂದು ಹ್ಯಾಂಡ್ ಕೂಡ ಅವನ ಹೆಸರಿನಲ್ಲಿ ಇಲ್ಲ.