ಯಾವುದಾದ್ರೆ ಒಳ್ಳೇದು ಮಾಮ?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಮಗ ಬಾಗಿಲಿಗೆ ಬಂದು ನಿಂತಿದ್ದ. ಅವನನ್ನು ನೋಡಿ ನಾನು ಆಡಿದ ಮೊದಲ ಮಾತು, "ಏನೋ ಹಿಂಗೆ ಕಡ್ಡಿ ಆಗಿದೀಯ? ಮೊಬೈಲ್ ಬಿಟ್ಟು ಊಟ ಮಾಡೋ." ಅವನು ನಕ್ಕು ನನ್ನ ಬ್ಯಾಗ್ ಇಸ್ಕೊಂಡು ಒಳಗೆ ಹೋದ. ಆ ಮಾತು ಈಗ ನೆನಪಾದಾಗಲೆಲ್ಲ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತೆ.

ಅವನನ್ನು ಪುಟ್ಟ ಅಂತಲೇ ಕರೆಯೋಣ. 15 ವರ್ಷ, ಹತ್ತನೇ ಕ್ಲಾಸು. ತಿಪಟೂರಿನ ಕಡೆಯ ಹಳ್ಳಿ ನಮ್ಮದು. ನಾಲ್ಕು ತೆಂಗಿನ ಸಾಲು, ಎರಡು ಹಸು, ಕೊಬ್ಬರಿ ರೇಟು ಏರಿದ ವರ್ಷ ನಗುವ ಭಾವ. ಹುಡುಗನ ತೂಕ ಆಗ 34 ಕೆಜಿ ಇತ್ತು. ಒಂದು ವರ್ಷದಿಂದ ಎತ್ತರವೂ ಬೆಳೆದಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯ್ತು. ಎಂಟನೇ ಕ್ಲಾಸಲ್ಲಿ ಹೊಲಿಸಿದ ಯೂನಿಫಾರ್ಮ್ ಪ್ಯಾಂಟು ಇನ್ನೂ ಸರಿಹೋಗ್ತಿದೆ ಅಂತ ಅಕ್ಕ ಖುಷಿಪಟ್ಟಿದ್ದಳಂತೆ, ದುಡ್ಡು ಉಳೀತು ಅಂತ.

ಹೊಟ್ಟೆನೋವು, ದಿನಕ್ಕೆ ನಾಲ್ಕೈದು ಸಲ ಭೇದಿ, ಆಗಾಗ ಸಂಜೆ ಜ್ವರ. ಅಕ್ಕ ದಾಳಿಂಬೆ ಸಿಪ್ಪೆ ಕಷಾಯ ಕೊಟ್ಟಳು, ದೃಷ್ಟಿ ತೆಗೆದಳು. ಊರಿನ ಹತ್ತಿರದ ಡಾಕ್ಟ್ರು ಜಂತುಹುಳದ ಮಾತ್ರೆ ಕೊಟ್ಟರು, ಆಮೇಲೆ ಗ್ಯಾಸ್ಟ್ರಿಕ್ ಅಂದರು. ಎಂಟು ತಿಂಗಳು ಹೀಗೇ ಹೋಯ್ತು. ನಾನೂ ಫೋನಲ್ಲಿ "ಪರೀಕ್ಷೆ ಟೆನ್ಷನ್ ಇರಬೇಕು ಬಿಡಕ್ಕ" ಅಂದಿದ್ದೆ. ಬೆಂಗಳೂರಲ್ಲಿ ಕೂತು ಗೂಗಲ್ ಮಾಡೋಕೆ ಬರುವ ಮನೆಯ ಒಬ್ಬನೇ ಒಬ್ಬ ಇಂಜಿನಿಯರ್ ನಾನು. ಗೂಗಲ್ ಕೂಡ ಮಾಡಿರಲಿಲ್ಲ.

ಜನವರಿಯಲ್ಲಿ ಕರೆಸಿಕೊಂಡೆ. ಗ್ಯಾಸ್ಟ್ರೋ ಡಾಕ್ಟ್ರು ಹೊಟ್ಟೆಯ ಬಲಭಾಗದ ಕೆಳಗೆ ಒತ್ತಿದ ತಕ್ಷಣ ಹುಡುಗ ಮುಖ ಕಿವುಚಿದ. ಬಾಯಲ್ಲಿ ಹುಣ್ಣು ಆಗುತ್ತಾ, ಗುದದ ಹತ್ತಿರ ಗಾಯ ಇದೆಯಾ, ರಾತ್ರಿ ನಿದ್ದೆಯಿಂದ ಎದ್ದು ಹೋಗಬೇಕಾಗುತ್ತಾ ಅಂತ ಒಂದೊಂದೇ ಕೇಳಿದರು. ಅಮ್ಮನ ಎದುರು ಅವನು ಬಾಯಿ ಬಿಡಲಿಲ್ಲ. ಅಕ್ಕನನ್ನು ಹೊರಗೆ ಕೂರಿಸಿದ ಮೇಲೆ ಎಲ್ಲ ಹೇಳಿದ. ಪುಣ್ಯಾತ್ಮರು, ಅಷ್ಟು ಸೂಕ್ಷ್ಮ ಇತ್ತು ಅವರಿಗೆ.

ಕೊಲೊನೋಸ್ಕೋಪಿಯ ಹಿಂದಿನ ರಾತ್ರಿ ನಮ್ಮ ಫ್ಲ್ಯಾಟಲ್ಲಿ ಇಬ್ಬರೇ ಎಚ್ಚರ. ಕರುಳು ತೊಳೆಯೋಕೆ ಪುಡಿ ಕಲಸಿದ ಎರಡು ಲೀಟರ್ ನೀರು ಕುಡೀಬೇಕು. ಒಂದು ಲೋಟ, ಹತ್ತು ನಿಮಿಷ, ಇನ್ನೊಂದು ಲೋಟ. ಉಪ್ಪುಪ್ಪು, ಜಿಡ್ಡು ಜಿಡ್ಡು. ಅವನು ಬಾತ್‌ರೂಮಿನ ಒಳಗೆ, ನಾನು ಬಾಗಿಲ ಹೊರಗೆ ನೆಲದ ಮೇಲೆ ಲ್ಯಾಪ್‌ಟಾಪ್ ಹಿಡ್ಕೊಂಡು. ಮುಚ್ಚಿದ ಬಾಗಿಲ ಹಿಂದಿನಿಂದ ಅವನು ಮಾತಾಡಿದಷ್ಟು ಯಾವತ್ತೂ ಎದುರಿಗೆ ಮಾತಾಡಿದ್ದಿಲ್ಲ.

ಸ್ಕೂಲಿನ ಟಾಯ್ಲೆಟ್ಟಿಗೆ ಚಿಲಕ ಇಲ್ಲವಂತೆ. ಬಾಗಿಲ ಹತ್ತಿರದ ಕೊನೇ ಬೆಂಚನ್ನು ಬೇಕಂತಲೇ ಹಿಡಿದಿದ್ದನಂತೆ. ಹುಡುಗರು ಒಂದು ಹೆಸರಿಟ್ಟಿದ್ದಾರೆ, ಅದನ್ನು ಇಲ್ಲಿ ಬರೆಯಲ್ಲ. "ಊಟ ಮಾಡಿದ್ರೆ ತಾನೇ ಮಾಮ ಹೋಗಬೇಕಾಗೋದು? ಅದಕ್ಕೇ ಬೆಳಗ್ಗೆಯಿಂದ ಏನೂ ತಿಂತಿರಲಿಲ್ಲ. ಮಧ್ಯಾಹ್ನದ ಬಿಸಿಯೂಟಾನೂ ಬಿಟ್ಟೆ." ಖೋಖೋ ಟೀಮನ್ನೂ ಅದಕ್ಕೇ ಬಿಟ್ಟಿದ್ದ. ನಾವು ಮೊಬೈಲ್ ಅಂದುಕೊಂಡಿದ್ವಿ.

ಸ್ಕೋಪಿಯಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಲ್ಲಿ ಹುಣ್ಣುಗಳು ಸಿಕ್ಕವು. ಜಾಗವೂ ಸ್ವಲ್ಪ ಕಿರಿದಾಗಿತ್ತು. ಮಲ ಪರೀಕ್ಷೆಯಲ್ಲಿ ಕ್ಯಾಲ್ಪ್ರೊಟೆಕ್ಟಿನ್ ಜಾಸ್ತಿ, ಅಂದರೆ ಕರುಳಲ್ಲಿ ಉರಿಯೂತ ಇದೆ. ಯಾಕೆ ಅಂತ ಅದು ಹೇಳಲ್ಲ. "ಕ್ರೋನ್ಸ್ ಇರಬಹುದು. ಕರುಳಿನ ಟಿಬಿಯೂ ಇರಬಹುದು" ಅಂದರು ಡಾಕ್ಟ್ರು. ಬಯಾಪ್ಸಿ ಬಂದರೆ ಗೊತ್ತಾಗುತ್ತೆ ಅಂತ ಕಾದ್ವಿ. ಬಯಾಪ್ಸಿಯಲ್ಲಿ ಗ್ರಾನ್ಯುಲೋಮಾ ಅನ್ನುವ ಸಣ್ಣ ಗಂಟುಗಳು ಕಂಡವು. ಅವು ಎರಡರಲ್ಲೂ ಇರ್ತವೆ! ಟಿಬಿ ಕ್ರಿಮಿ ಸಿಗಲಿಲ್ಲ. ಆದರೆ ಕರುಳಿನ ಟಿಬಿಯಲ್ಲಿ ಕ್ರಿಮಿ ಎಷ್ಟೋ ಸಲ ಸಿಗೋದೇ ಇಲ್ಲ, ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನೋಕಾಗಲ್ಲ ಅಂದರು. ಎರಡು ಬೇರೆ ಬೇರೆ ಬಗ್‌ಗಳು, ಲಾಗ್ ಮಾತ್ರ ಒಂದೇ. ಪ್ರೊಡಕ್ಷನ್‌ನಲ್ಲಿ ಹೀಗಾದರೆ ನಾನು ಒಂದು ಫಿಕ್ಸ್ ಹಾಕಿ ನೋಡ್ತೀನಿ. ಡಾಕ್ಟ್ರು ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

"ಕ್ರೋನ್ಸ್ ಅಂದ್ಕೊಂಡು ಸ್ಟಿರಾಯ್ಡ್ ಕೊಟ್ಟು, ಒಳಗಿರೋದು ಟಿಬಿ ಆಗಿದ್ರೆ ಮಗು ಪ್ರಾಣಕ್ಕೇ ಕುತ್ತು. ಟಿಬಿ ಅಂದ್ಕೊಂಡು ಮಾತ್ರೆ ಕೊಟ್ಟು, ಅದು ಕ್ರೋನ್ಸ್ ಆಗಿದ್ರೆ ಎರಡು ಮೂರು ತಿಂಗಳು ತಡ ಆಗುತ್ತೆ. ತಡ ಆಗೋದೂ ಒಳ್ಳೇದಲ್ಲ, ಆದರೂ ಅದೇ ವಾಸಿ." ಟಿಬಿ ಮಾತ್ರೆ ಕೊಟ್ಟು, ಮತ್ತೆ ಸ್ಕೋಪ್ ಹಾಕಿ ನೋಡೋದು. ಹುಣ್ಣು ಮಾಯ್ದಿದ್ದರೆ ಟಿಬಿ, ಆರು ತಿಂಗಳ ಕೋರ್ಸ್ ಮುಗಿಸಿ ಮರೆತುಬಿಡಬಹುದು. ಮಾಯದಿದ್ದರೆ ಕ್ರೋನ್ಸ್, ಮರೆಯೋಕಾಗಲ್ಲ.

ಅವತ್ತು ರಾತ್ರಿ ಕೂತು ಓದಿದೆ. ಕಾಯಿಲೆಗೆ ಹೆಸರು ಬಂದದ್ದು 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನೈ ಆಸ್ಪತ್ರೆಯ ಮೂವರು ಡಾಕ್ಟ್ರುಗಳು ಬರೆದ ಲೇಖನದಿಂದ: ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್. ಅಕ್ಷರ ಕ್ರಮದಲ್ಲಿ ಕ್ರೋನ್ ಮೊದಲು ಬಂದ, ಕಾಯಿಲೆ ಅವನ ಹೆಸರಿಗೆ ಹೋಯ್ತು. ನಮ್ಮ ಟೀಮಲ್ಲೂ ಹೀಗೇ ಆಗುತ್ತೆ. ಇರಲಿ. ಮೈಯ ರಕ್ಷಣಾ ಪಡೆಯೇ ದಾರಿ ತಪ್ಪಿ ಕರುಳನ್ನು ಸುಡುವ ಕಾಯಿಲೆ ಇದು. ಹತೋಟಿಯಲ್ಲಿಡಬಹುದು, ಪೂರ್ತಿ ಹೋಗಲ್ಲ. ಆ ಪಡೆಯನ್ನು ತಗ್ಗಿಸುವ ಮಾತ್ರೆ, ಇಂಜೆಕ್ಷನ್ನು ವರ್ಷಗಟ್ಟಲೆ ಬೇಕಾಗಬಹುದು. ಕೆಲವು ಇಂಜೆಕ್ಷನ್ನಿನ ಬೆಲೆ ನೋಡಿ ಕಂಪನಿಯ ಇನ್ಶೂರೆನ್ಸ್ ಪೋರ್ಟಲ್ ತೆಗೆದೆ. ಡಿಪೆಂಡೆಂಟ್ ಸೇರಿಸುವ ಡ್ರಾಪ್‌ಡೌನ್‌ನಲ್ಲಿ ಹೆಂಡತಿ, ಮಗ, ಮಗಳು, ತಂದೆ, ತಾಯಿ. 'ಅಕ್ಕನ ಮಗ' ಅನ್ನೋ ಆಪ್ಷನ್ ಇಲ್ಲ. ಗೊತ್ತಿದ್ದೂ ಮೂರು ಸಲ ರಿಫ್ರೆಶ್ ಮಾಡಿದೆ. ಅವತ್ತಿನಿಂದ ನಾನು ಟಿಬಿನೇ ಆಗಲಿ ಅಂತ ಬೇಡಿಕೊಳ್ಳತೊಡಗಿದೆ. ಮಗುವಿಗೆ ಕ್ಷಯ ಬರಲಿ ಅಂತ ದೇವರ ಮುಂದೆ ಕೈ ಮುಗಿಯುವ ಮಾವ.

ಅಕ್ಕ ಅದೇ ದೇವರ ಹತ್ತಿರ ಉಲ್ಟಾ ಬೇಡ್ತಿದ್ದಳು. ನಮ್ಮ ಚಿಕ್ಕತಾತನಿಗೆ ಕ್ಷಯ ಇತ್ತು. ಕೊಟ್ಟಿಗೆ ಪಕ್ಕದ ಕೋಣೇಲಿ ಇದ್ದರು, ಅವರ ತಟ್ಟೆ ಲೋಟ ಬೇರೆ. ಊಟ ತಗೊಂಡು ಹೋಗಿ ಹೊಸ್ತಿಲ ಮೇಲಿಟ್ಟು ಬರ್ತಿದ್ದವಳು ಏಳು ವರ್ಷದ ಅಕ್ಕ. "ಆ ಇನ್ನೊಂದೇ ಇರಲಿ ಕಣೋ. ಅದರ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಇದಾದ್ರೆ ನನ್ನ ಮಗನ ತಟ್ಟೆ ಬೇರೆ ಇಡು ಅಂತಾರೆ." ಕರುಳಿನದು ಉಸಿರಿಂದ ಹರಡಲ್ಲ ಅಕ್ಕ, ಎದೆಯ ಎಕ್ಸ್‌ರೇ ಸರಿಯಾಗಿದೆ, ಡಾಕ್ಟ್ರೇ ಹೇಳಿದಾರೆ ಅಂದೆ. "ಅದನ್ನ ಊರಿಗೆಲ್ಲ ನೀನು ಬಂದು ಹೇಳ್ತೀಯಾ?" ಅಂದಳು. ಸರ್ಕಾರಿ ಆಸ್ಪತ್ರೇಲಿ ಮಾತ್ರೆ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಎಲ್ಲರಿಗೂ ತಿಳಿಯುತ್ತೆ ಅಂತ ಅಕ್ಕ ಎರಡು ದಿನ ಹಟ ಹಿಡಿದಳು. ಕೊನೆಗೆ ಭಾವ, ಇಡೀ ವಿಷಯದಲ್ಲಿ ಅವರು ಆಡಿದ್ದು ಒಂದೇ ಮಾತು, "ಬರಲಿ ಬಿಡು, ಕಾಫಿ ಕೊಡಾನ" ಅಂದರು.

ಊರಿಗೆ ಹೊರಟ ದಿನ ಯಶವಂತಪುರ ಸ್ಟೇಷನ್ನಲ್ಲಿ ಅಕ್ಕ ಭಾವ ನೀರಿನ ಬಾಟಲಿ ತರೋಕೆ ಹೋಗಿದ್ದರು. ಪುಟ್ಟ ಮೆಲ್ಲಗೆ ಕೇಳಿದ, "ಯಾವುದಾದ್ರೆ ಒಳ್ಳೇದು ಮಾಮ?"

"ಟಿಬಿ ಆದ್ರೆ ಆರು ತಿಂಗಳಲ್ಲಿ ಮುಗಿಯುತ್ತೆ."

"ಅಮ್ಮ ಅದು ಬೇಡ ಅಂತಾಳೆ."

"ನಿಂಗೆ ಯಾವುದು ಬೇಕೋ?"

ಸ್ವಲ್ಪ ಹೊತ್ತು ಪ್ಲಾಟ್‌ಫಾರ್ಮ್ ನೋಡಿದ. "ಯಾವುದಾದ್ರೂ ಸರಿ. ಹೆಸರು ಅಂತ ಒಂದಿದ್ರೆ ಸುಳ್ಳು ಹೇಳ್ತಿದೀನಿ ಅಂತ ಯಾರೂ ಅನ್ನಲ್ಲ."

ಯಾರೂ ಅಂದರೆ ಅದರಲ್ಲಿ ನಾನೂ ಇದ್ದೆ.

ಮಾತ್ರೆ ಶುರುವಾದ ಮೂರನೇ ದಿನ ಬೆಳಗ್ಗೆ ಫೋನ್ ಬಂತು. "ಮಾಮ, ಉಚ್ಚೆ ಕಿತ್ತಳೆ ಬಣ್ಣ!" ರಿಫಾಂಪಿಸಿನ್ ಅನ್ನೋ ಔಷಧಿಗೆ ಹಾಗಾಗುತ್ತೆ ಅಂತ ಮೊದಲೇ ಹೇಳಿದ್ದರು, ನಾನೇ ಅವನಿಗೆ ಹೇಳೋದು ಮರೆತಿದ್ದೆ. ಖಾಲಿ ಹೊಟ್ಟೇಲಿ ಮಾತ್ರೆ, ಆಮೇಲೆ ಮುದ್ದೆ. ಹತ್ತನೇ ಕ್ಲಾಸ್ ಪರೀಕ್ಷೆಗೆ ಮುಂಚೆ ಭಾವ ಹೆಡ್‌ಮಾಸ್ಟರ್ ಹತ್ತಿರ ಡಾಕ್ಟ್ರ ಚೀಟಿ ತಗೊಂಡು ಹೋದರು. ಹುಡುಗನಿಗೆ ಎದ್ದು ಹೋಗೋಕೆ ಒಪ್ಪಿಗೆ ಸಿಕ್ಕಿತು. ಟಾಯ್ಲೆಟ್ಟಿಗೆ ಚಿಲಕವೂ ಬಂತು. ಭಾವ ಸ್ಕ್ರೂಡ್ರೈವರ್ ತಗೊಂಡೇ ಹೋಗಿದ್ದರಂತೆ.

ಈಗ ತೂಕ 36 ದಾಟಿದೆ. ಜ್ವರ ಇಲ್ಲ. ಅಕ್ಕ ಖುಷಿಪಡಬೇಕೋ ಬೇಡವೋ ಗೊತ್ತಾಗದೆ ಫೋನಲ್ಲಿ ತೂಕ ಹೇಳಿ ಸುಮ್ಮನಾಗ್ತಾಳೆ. ನಾನು ಕುಣಿಯೋಕೆ ಹೋದರೆ ಡಾಕ್ಟ್ರು ತಡೆದರು. ಕ್ರೋನ್ಸ್ ಇದ್ದವರಿಗೂ ಈ ಮಾತ್ರೆಯಲ್ಲಿ ಸ್ವಲ್ಪ ದಿನ ಚೆನ್ನಾಗಿ ಅನ್ನಿಸಬಹುದಂತೆ. ಹುಣ್ಣು ಕಣ್ಣಾರೆ ನೋಡದೆ ಹೇಳೋಕಾಗಲ್ಲ ಅಂದರು.

ಮುಂದಿನ ಗುರುವಾರ ಸ್ಕೋಪ್. ಬುಧವಾರ ಮಧ್ಯಾಹ್ನ ಬರ್ತಾರೆ. ನಿನ್ನೆ ರಾತ್ರಿ ಪುಟ್ಟನ ಮೆಸೇಜ್ ಇತ್ತು: "ಈ ಸಲ ಆ ನೀರಿಗೆ ನಿಂಬೆಹಣ್ಣು ತಂದಿಡು. ಆಮೇಲೆ ನೀನು ಬಾಗಿಲ ಹತ್ರ ಕೂತ್ಕೋ, ಆದ್ರೆ ಲ್ಯಾಪ್‌ಟಾಪ್ ಬೇಡ." ಬುಧವಾರ, ಗುರುವಾರ ಎರಡೂ ರಜೆ ಹಾಕಿದೀನಿ.