ಅಮ್ಮನ ತಟ್ಟೆಯ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಆದರೆ ಹಾಸಿಗೆ ಒಂದೇ ಇದ್ದು ಮಲಗುವವರು ಐದು ಮಂದಿಯಾದರೆ ಯಾರ ಕಾಲು ಹೊರಗುಳಿಯಬೇಕು ಎಂಬುದನ್ನು ಗಾದೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಮನೆಯ ಅಡುಗೆ ಕೋಣೆಗೇ ಹೋಗಬೇಕು.

ದಕ್ಷಿಣ ಕೊಡಗಿನ ಪಾಲಿಬೆಟ್ಟದ ಸುತ್ತಮುತ್ತ ಎಲ್ಲಿ ನೋಡಿದರೂ ಕಾಫಿ ತೋಟ. ಅಂತಹ ಒಂದು ತೋಟದ ಲೈನ್ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಒಂಬತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ, ಹೀಗೆ ಐದು ಜನ. ಅಪ್ಪ ಮರ ಕಪಾತಿನ ಕೆಲಸಗಾರ. ಅಮ್ಮ ಹಣ್ಣು ಕೊಯ್ಲಿಗೂ ಕಳೆ ಕೀಳಲಿಕ್ಕೂ ಹೋಗುತ್ತಾಳೆ. ಶನಿವಾರ ಕೂಲಿ ಕೈಗೆ ಬರುತ್ತದೆ, ಮರುದಿನ ಪೇಟೆ. ಸಂಜೆ ತೋಟದ ದಾರಿಗೆ ಆನೆ ಇಳಿಯುವ ಭಯವಿರುವುದರಿಂದ ಕತ್ತಲಾಗುವ ಮೊದಲೇ ಮನೆ ಸೇರಬೇಕು. ಅವಸರದಲ್ಲಿ ನೆನಪಾದದ್ದು ಚೀಲ ಸೇರುತ್ತದೆ. ಮರೆತದ್ದು ವಾರವಿಡೀ ಹತ್ತಿರದ ಚಿಕ್ಕ ಅಂಗಡಿಯಿಂದ ಹತ್ತು ಇಪ್ಪತ್ತು ರೂಪಾಯಿಯ ಲೆಕ್ಕದಲ್ಲಿ ಬರುತ್ತದೆ.

ಒಂದು ಜೂನ್ ತಿಂಗಳ ಕೊನೆಯಲ್ಲಿ ಅಮ್ಮ ತೋಟದಲ್ಲಿ ತಲೆ ಸುತ್ತಿ ಕುಳಿತುಬಿಟ್ಟಳು. ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿ ಚೀಟಿ ಕೊಟ್ಟರು. ಹಿಮೋಗ್ಲೋಬಿನ್ 8.4 ಎಂದು ಅದರಲ್ಲಿ ಬರೆದಿತ್ತು. ಹೆಂಗಸರಲ್ಲಿ ಅದು ಕನಿಷ್ಠ 12 ಗ್ರಾಂ ಇರಬೇಕು. ಕಬ್ಬಿಣದ ಮಾತ್ರೆಯ ಜೊತೆಗೆ "ಬೇಳೆ ಕಾಳು, ಸೊಪ್ಪು, ಮೊಟ್ಟೆ ಚೆನ್ನಾಗಿ ತಿನ್ನಿ" ಎಂಬ ಸಲಹೆಯೂ ಸಿಕ್ಕಿತು.

ಮಗಳಿಗೆ ಆಶ್ಚರ್ಯ. ಮನೆಯಲ್ಲಿ ಬೇಳೆ ಬೇಯುತ್ತದಲ್ಲ? ಅವಳು ಗಣಿತದ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಎರಡು ವಾರ ಮನೆಯ ಸಾಮಾನು ಬರೆದಿಟ್ಟಳು. ಆಗ ಗೊತ್ತಾಯಿತು. ಭಾನುವಾರ ತಂದ ಅರ್ಧ ಕಿಲೋ ತೊಗರಿಬೇಳೆ ದಿನಕ್ಕೆ 125 ಗ್ರಾಂನಂತೆ ಬುಧವಾರಕ್ಕೆ ಮುಗಿಯುತ್ತದೆ. ಗುರುವಾರ, ಶುಕ್ರವಾರ, ಶನಿವಾರ ಅನ್ನಕ್ಕೆ ಉಪ್ಪಿನಕಾಯಿ, ತಿಳಿಸಾರು, ಇದ್ದರೆ ಒಂದು ತುಂಡು ಒಣಮೀನು. ಆ ದಿನಗಳಲ್ಲಿ ಅಪ್ಪನಿಗೆ, ಅಜ್ಜಿಗೆ, ಮಕ್ಕಳಿಗೆ ಬಡಿಸಿ ಉಳಿದದ್ದು ಅಮ್ಮನಿಗೆ. ಉಳಿಯದಿದ್ದರೆ "ನನಗೆ ಹಸಿವಿಲ್ಲ" ಎಂಬ ಮಾತು. ಮಕ್ಕಳಿಗಾದರೂ ಮಧ್ಯಾಹ್ನ ಶಾಲೆಯ ಬಿಸಿಯೂಟವಿದೆ. ಅಮ್ಮನಿಗೆ ಅದೂ ಇಲ್ಲ.

ಕೊರತೆ ಎಲ್ಲರ ತಟ್ಟೆಗೂ ಸಮನಾಗಿ ಬೀಳುತ್ತಿರಲಿಲ್ಲ. ಯೋಜನೆ ಇಲ್ಲದ ಮನೆಯಲ್ಲಿ ವಾರದ ಕೊನೆಯ ಕೊರತೆಯೆಲ್ಲ ಕೊನೆಗೆ ಉಣ್ಣುವವಳ ಪಾಲು. ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು. ತಟ್ಟೆಯೂ ಅವುಗಳಲ್ಲಿ ಒಂದು.

ಮಗಳ ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಚಿಕ್ಕ ಅಂಗಡಿಯ ಬಿಸ್ಕತ್ತು, ರಸ್ಕು, ಖಾರದ ಪೊಟ್ಟಣ, ಮಸಾಲೆ ಪುಡಿ ಎಲ್ಲ ಸೇರಿ ವಾರಕ್ಕೆ 210 ರೂಪಾಯಿ! ಒಟ್ಟಿಗೆ ಕೊಟ್ಟಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಚಿಲ್ಲರೆಯಾಗಿ ಹೋದದ್ದರಿಂದ ಬೀಳಲಿಲ್ಲ.

ಪಡಿತರದ ಅಕ್ಕಿ ಹಣವಿಲ್ಲದೆ ಸಿಗುವುದರಿಂದ ಹೊಟ್ಟೆ ತುಂಬುವುದು ಕಷ್ಟವಲ್ಲ. ಆದರೆ 100 ಗ್ರಾಂ ಅಕ್ಕಿಯಲ್ಲಿ ಇರುವ ಪ್ರೋಟೀನು ಸುಮಾರು 7 ಗ್ರಾಂ ಮಾತ್ರ. ಅಷ್ಟೇ ತೂಕದ ತೊಗರಿಬೇಳೆಯಲ್ಲಿ ಅಥವಾ ಹುರುಳಿಯಲ್ಲಿ ಸುಮಾರು 22 ಗ್ರಾಂ ಇದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಅಕ್ಕಿಯ ಪ್ರೋಟೀನಿನಲ್ಲಿ ಕಡಮೆಯಿರುವ ಲೈಸಿನ್ ಎಂಬ ಅಂಶವನ್ನು ಕಾಳುಗಳು ತುಂಬಿಕೊಡುತ್ತವೆ. ಹುರುಳಿಯ ಬೆಲೆ ತೊಗರಿಗಿಂತ ಕಡಮೆ. ಅದನ್ನು ನೆನೆಸಿ ಮೊಳಕೆ ಬರಿಸಿದರೆ ಅದರಲ್ಲಿರುವ ಕಬ್ಬಿಣ ದೇಹಕ್ಕೆ ಇನ್ನೂ ಸುಲಭವಾಗಿ ದಕ್ಕುತ್ತದೆ.

ಅಮ್ಮ ಮಗಳು ಕೂತು ಚೀಟಿ ಬರೆದರು. ಮೊದಲು ಮನೆಯಲ್ಲಿ ಏನು ಉಳಿದಿದೆ ಎಂದು ಡಬ್ಬಿಗಳನ್ನು ನೋಡಿದರು. ಬಳಿಕ ಏಳು ರಾತ್ರಿಗಳ ಅಡುಗೆ ಗೊತ್ತುಮಾಡಿದರು. ನಾಲ್ಕು ದಿನ ತೊಗರಿಬೇಳೆ, ಗುರುವಾರ ಹುರುಳಿ ಸಾರು, ಶುಕ್ರವಾರ ಐದು ಮೊಟ್ಟೆಯ ಸಾರು, ಶನಿವಾರ ಅಲಸಂದೆ. ಸೊಪ್ಪು ವಾರಕ್ಕೆ ಮೂರು ಸಲ. ಅನಂತರವೇ ಪೇಟೆಯಿಂದ ತರುವ ಸಾಮಾನಿನ ಪಟ್ಟಿ. ಅಂಗಡಿಯಲ್ಲಿ ಬೆಲೆಯನ್ನು ತೂಕದಿಂದ ಭಾಗಿಸಿ ನೋಡುವ ಕೆಲಸ ಮಗನದು. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವಲ್ಲ ಎಂದು ಅವನು ಕಂಡುಹಿಡಿದ. ಆ ಕಷ್ಟಕ್ಕೆ ಬಹುಮಾನವಾಗಿ ಅವನ ಒಂದು ಪೊಟ್ಟಣ ಬಿಸ್ಕತ್ತು ಪಟ್ಟಿಯಲ್ಲಿ ಉಳಿಯಿತು.

ಇಂತಹ ಪಟ್ಟಿಗೆ ಒಂದು ಚರಿತ್ರೆಯೂ ಇದೆ. ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕ ಆಹಾರ ಪ್ರಯೋಗಾಲಯದ ಮುಖ್ಯಸ್ಥ ವಾಲೇಸ್ ಆಯ್‌ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳನ್ನೂ ಸಮರ್ಪಕ ಊಟವನ್ನು ಯೋಜಿಸುವ ಬಗೆಯನ್ನೂ ಕುರಿತ ಪುಸ್ತಿಕೆಯನ್ನು ಹೊರತಂದರು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಹೋಯಿತು. ಅದೇ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಯಾವ ಆಹಾರದಲ್ಲಿ ಏನಿದೆ ಎಂದು ಅಳೆದವರು ಅಲ್ಲಿಗೇ ನಿಲ್ಲದೆ, ಊಟವನ್ನು ಹೇಗೆ ಹೊಂದಿಸಬೇಕು ಎಂಬುದನ್ನೂ ಹೇಳಿದರು.

ಜುಲೈಯಲ್ಲಿ ಮಳೆ ಜೋರಾಯಿತು. ಕೆಲವು ವಾರ ನಾಲ್ಕೇ ದಿನ ಕೆಲಸ. ಚೀಟಿ ಬರೆದ ಮಾತ್ರಕ್ಕೆ ಕೂಲಿ ಹೆಚ್ಚುವುದಿಲ್ಲವಷ್ಟೆ. ಆಗ ನೆರವಿಗೆ ಬಂದದ್ದು ಅಜ್ಜಿಯ ತಿಳಿವಳಿಕೆ. ಬೇಸಿಗೆಯಲ್ಲಿ ಕೆಮ್ಮಣ್ಣು ಮೆತ್ತಿ ಇಟ್ಟಿದ್ದ ಹಲಸಿನ ಬೀಜ ಹೊರಬಂತು. ಕೆಸದ ಸೊಪ್ಪು ಬಂತು, ಬಿದಿರ ಕಣಿಲೆ ಬಂತು. ಪುಕ್ಕಟೆ ಸಿಗುವ ಆಹಾರಕ್ಕೂ ವಿದ್ಯೆ ಬೇಕು. ಕೆಸದಲ್ಲಿರುವ ಸೂಜಿಯಂತಹ ಆಕ್ಸಲೇಟ್ ಹರಳುಗಳು ಗಂಟಲು ತುರಿಸುತ್ತವೆ. ಚೆನ್ನಾಗಿ ಬೇಯಿಸಿ ಹುಣಸೆಯನ್ನೋ ಕೊಡಗಿನ ಕಾಚಂಪುಳಿಯನ್ನೋ ಹಾಕಬೇಕು. ಹಸಿ ಕಣಿಲೆಯಲ್ಲಿ ಸಯನೈಡು ಬಿಡುಗಡೆ ಮಾಡುವ ವಿಷವಿರುತ್ತದೆ. ಹೆಚ್ಚಿ, ನೀರು ಬದಲಿಸುತ್ತ ನೆನೆಸಿಟ್ಟು, ಬೇಯಿಸಿದ ನೀರನ್ನು ಚೆಲ್ಲಬೇಕು. ಅಜ್ಜಿಗೆ ಆ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಒಂದು ಅಭ್ಯಾಸ ಬಿಡುವುದು ಮಾತ್ರ ಎಲ್ಲಕ್ಕಿಂತ ಕಷ್ಟವಾಯಿತು. ಉಂಡ ಕೂಡಲೇ ಒಂದು ಲೋಟ ಕಾಫಿ! ಕಾಫಿಯನ್ನೇ ಬೆಳೆಯುವ ನಾಡಿನಲ್ಲಿ ಇದು ಸಹಜವೇ. ಆದರೆ ಊಟದ ಜೊತೆ ಕುಡಿದ ಕಾಫಿ, ಟೀಗಳು ಕಬ್ಬಿಣವನ್ನು ದೇಹ ಹೀರದಂತೆ ತಡೆಯುತ್ತವೆ. ನಿಂಬೆಹುಳಿ ಹೀರಲು ಸಹಾಯ ಮಾಡುತ್ತದೆ. ಅಮ್ಮ ಕಾಫಿಯನ್ನು ಊಟವಾದ ಒಂದೂವರೆ ಗಂಟೆಗೆ ಮುಂದೂಡಿದಳು. ಗೊಣಗಿದಳು, ಆದರೆ ಮುಂದೂಡಿದಳು.

ಚೀಟಿಯಲ್ಲಿ ಬರೆಯದ ಇನ್ನೊಂದು ನಿಯಮವೂ ಜಾರಿಗೆ ಬಂತು. ಐದು ತಟ್ಟೆಗೂ ಒಟ್ಟಿಗೆ ಬಡಿಸುವುದು. ಮೊದಲ ಗುರುವಾರ ಅಮ್ಮ ಎಂದಿನಂತೆ, "ನೀವು ಉಣ್ಣಿ ಮಗಳೇ, ನಾನು ಆಮೇಲೆ" ಎಂದಳು. ಮಗಳು ಹುರುಳಿ ಸಾರಿನ ಸೌಟು ಹಿಡಿದುಕೊಂಡೇ ನಿಂತಳು. ಅಪ್ಪ ಒಂದು ಕ್ಷಣ ಸುಮ್ಮನಿದ್ದು, ತನ್ನ ತಟ್ಟೆಯನ್ನು ಸರಿಸಿ ಜಾಗ ಮಾಡಿದ. ಅಮ್ಮ ಕೂತಳು.

ಅಕ್ಟೋಬರಿನಲ್ಲಿ ಮತ್ತೆ ರಕ್ತ ಪರೀಕ್ಷೆಯಾಯಿತು. 10.6. ಮಾತ್ರೆಯ ಪಾಲೆಷ್ಟು, ತಟ್ಟೆಯ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವಂತಿಲ್ಲ. 12 ತಲುಪಲು ಇನ್ನೂ ದೂರವಿದೆ. ಮಾತ್ರೆಯೂ ಚೀಟಿಯೂ ಮುಂದುವರಿದಿವೆ.

ಮನೆಯ ಖರ್ಚು ತೂಗಿಸುವುದು ದೊಡ್ಡವರ ಚಿಂತೆ, ಮಕ್ಕಳಿಗೇಕೆ ಎನ್ನುವ ತಂದೆತಾಯಂದಿರಿದ್ದಾರೆ. ಭಾಗಾಕಾರ ಕಲಿತ ಮಗು ಅದನ್ನು ಬೇಳೆ ಡಬ್ಬಿಯ ಮುಂದೆ ಮಾಡಿ ನೋಡಿದರೆ ಪಾಠಕ್ಕೆ ನಷ್ಟವಿಲ್ಲ. ಇಂದು ರಾತ್ರಿ ಊಟ ಮುಗಿಸಿ ಏಳುವ ಮೊದಲು ಮಕ್ಕಳು ಒಮ್ಮೆ ಅಡುಗೆ ಕೋಣೆಯ ಪಾತ್ರೆಗಳನ್ನು ನೋಡಲಿ. ಅಮ್ಮನಿಗೆ ಏನು ಉಳಿದಿದೆ ಎಂಬುದೇ ಆ ಮನೆಯ ವಾರದ ಲೆಕ್ಕ.