ಮಾಥೇರಾನ: ಕಾಲು ಕೊಡಲು ಕಲಿತ ಕುದುರೆ

ಮುಂಬಯಿಗೆ ಸಮೀಪದ ಗಿರಿಧಾಮ ಮಾಥೇರಾನಕ್ಕೆ ನೇರಳದಿಂದ ಪುಟಾಣಿ ರೈಲು ಆರಂಭವಾದದ್ದು 1907ರಲ್ಲಿ. ರಸ್ತೆಯಲ್ಲಿ ಬಂದವರ ವಾಹನಗಳು ದಸ್ತುರಿ ನಾಕೆಯಲ್ಲಿಯೇ ನಿಲ್ಲುತ್ತವೆ. ತುರ್ತು ವಾಹನ ಹಾಗೂ ಕೆಲವು ಇ-ರಿಕ್ಷಾಗಳನ್ನು ಬಿಟ್ಟರೆ ಮೋಟಾರಿಗೆ ಪ್ರವೇಶವಿಲ್ಲದ ಈ ಊರಿನಲ್ಲಿ ಜನರನ್ನೂ ಸಾಮಾನನ್ನೂ ಹೊರುವುದು ಕುದುರೆ. ಕೆಂಪು ಕಲ್ಲಿನ ದಾರಿಯಲ್ಲಿ ಗೊರಸು ಸವೆಯದಿರಲು ಲಾಳ ಬೇಕು. ಗೊರಸು ಬೆಳೆಯುತ್ತಲೇ ಇರುವುದರಿಂದ ಆರೆಂಟು ವಾರಗಳಿಗೊಮ್ಮೆ ಲಾಳ ಕಿತ್ತು, ಗೊರಸನ್ನು ಹೆರೆದು, ಮತ್ತೆ ಕಟ್ಟಬೇಕು. ಕಾಲು ಕೊಡದ ಕುದುರೆ ದುಡಿಯಲಾರದು. ಅದು ದುಡಿಯದಿದ್ದರೆ ಒಡೆಯನ ಮನೆಯ ಒಲೆ ಉರಿಯದು.

ಅಲ್ಲಿನ ಒಂದು ಕಂದು ಹೆಣ್ಣುಗುದುರೆಗೆ ನಾಲಬಂದನ ಚೀಲದ ಸದ್ದು ಕೇಳಿದರೆ ಸಾಕು, ಮೈ ನಡುಗುತ್ತಿತ್ತು. ಹಿಂದೊಮ್ಮೆ ಹಗ್ಗದಿಂದ ಕಾಲು ಬಿಗಿದು ಲಾಳ ಹೊಡೆದದ್ದನ್ನು ಅದು ಮರೆತಿರಲಿಲ್ಲ. ಗೊರಸಿನ ಹೊರಗೋಡೆಗೆ ಸರಿಯಾಗಿ ಹೊಡೆದ ಮೊಳೆ ನೋಯಿಸುವುದಿಲ್ಲ. ಅದು ಮನುಷ್ಯನ ಉಗುರಿನ ತುದಿಯಂತೆ. ಆದರೆ ಕುದುರೆ ಓಡಿ ಬದುಕುವ ಪ್ರಾಣಿ. ಕಾಲು ಹಿಡಿದೆತ್ತುವುದೆಂದರೆ ಅದರ ಪಾಲಿಗೆ ಸೆರೆ.

ಒಡೆಯನು ಮೊದಲು ಪಶುವೈದ್ಯರನ್ನು ಕರೆಸಿ ಕೀಲುನೋವು ಇಲ್ಲವೆಂದು ಖಚಿತಪಡಿಸಿಕೊಂಡನು. ಆಮೇಲೆ ದಿನವೂ ಹೆಗಲಿನಿಂದ ಗೊರಸಿನವರೆಗೆ ಕೈಯಾಡಿಸತೊಡಗಿದನು. ಕಾಲನ್ನು ಕ್ಷಣಮಾತ್ರ ಎತ್ತಿ, ಅದು ಸೆಳೆದುಕೊಳ್ಳುವ ಮುನ್ನವೇ ಮೆಲ್ಲನೆ ಇಳಿಸುತ್ತಿದ್ದನು. ಬಿಡುಗಡೆಯೇ ಅದರ ಬಹುಮಾನ. ಕ್ಷಣ ನಿಮಿಷವಾಯಿತು. ಬಳಿಕ ಸಣ್ಣ ಕಲ್ಲಿನಿಂದ ಗೊರಸನ್ನು ತಟ್ಟಿದನು. ಅರದ ಸದ್ದನ್ನು ದೂರದಿಂದ ಕೇಳಿಸಿ, ದಿನದಿನಕ್ಕೆ ಹತ್ತಿರ ತಂದನು. ಶಾಂತ ಸ್ವಭಾವದ ಇನ್ನೊಂದು ಕುದುರೆಯನ್ನು ಪಕ್ಕದಲ್ಲಿ ನಿಲ್ಲಿಸಿದನು. ನಾಲಬಂದನೂ ಕೆಲವು ದಿನ ಬರಿಗೈಯಲ್ಲಿ ಬಂದು, ಕತ್ತು ತುರಿಸಿ ಹೋದನು.

ಲಾಳ ಕಟ್ಟುವ ದಿನ ಶನಿವಾರವಾಗಿತ್ತು. ಪ್ರವಾಸಿಗರು ನೆರೆದಿದ್ದರು, ಬಾಡಿಗೆ ಕಾಯುತ್ತಿತ್ತು. ಮುಂಗಾಲುಗಳ ಕೆಲಸ ಮುಗಿಯುತ್ತಲೇ ಕುದುರೆಯ ಉಸಿರು ಬಿರುಸಾಯಿತು, ಕಣ್ಣಿನ ಬಿಳಿ ತೋರಿತು.

“ಹಗ್ಗ ತರಲೇ?” ಎಂದು ಯಾರೋ ಕೇಳಿದರು.

“ಬೇಡ, ಹಿಂಗಾಲು ನಾಳೆ ನೋಡೋಣ,” ಎಂದು ನಾಲಬಂದನು ಸುತ್ತಿಗೆಯನ್ನು ಚೀಲಕ್ಕೆ ಹಾಕಿದನು.

ಒಡೆಯನು ಒಂದು ದಿನದ ಗಳಿಕೆಯನ್ನು ಕಳೆದುಕೊಂಡನು. ಮರುದಿನ ಅದೇ ಕುದುರೆ, ಕೈ ಹಿಂಗಾಲನ್ನು ಮುಟ್ಟುತ್ತಲೇ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿ, ಗೊರಸನ್ನು ತಾನೇ ಎತ್ತಿಕೊಟ್ಟಿತು. ಕೊನೆಯ ಮೊಳೆಯ ತುದಿ ಮಡಚುವಾಗ ಅದು ತಲೆ ತಗ್ಗಿಸಿ ಹುಲ್ಲು ಮೇಯುತ್ತಿತ್ತು.